ಡಾಕ್ಟರು, ಸಿಸ್ಟರು ಬಿಟ್ಟು ಉಳಿದ ಆಸ್ಪತ್ರೆ ಹೇಗಿದೆ?

ಆಸ್ಪತ್ರೆಗಳ ಬಗ್ಗೆ ಜನ ಬರೆಯುವ ರಿವ್ಯೂಗಳಲ್ಲಿ ಎರಡೇ ಥರ. ಒಂದು, "ಡಾಕ್ಟರ್ ದೇವರು ಸಾರ್". ಇನ್ನೊಂದು, "ಬರೀ ದುಡ್ಡು ಸುಲೀತಾರೆ, ಹೋಗಲೇಬೇಡಿ". ಎರಡನ್ನು ಓದಿದರೂ ಅಲ್ಲಿ ರೋಗಿಯ ಜೊತೆ ಇರಬೇಕಾದವನಿಗೆ ಒಂದು ವಿಷಯವೂ ಗೊತ್ತಾಗುವುದಿಲ್ಲ. ರಾತ್ರಿ ಎಲ್ಲಿ ಮಲಗೋದು, ಸ್ನಾನ ಎಲ್ಲಿ, ಎಕ್ಸ್‌ರೇಗೆ ಕರೆದುಕೊಂಡು ಹೋಗೋದಕ್ಕೆ ಯಾರು ಬರ್ತಾರೆ, ಡಿಸ್ಚಾರ್ಜ್ ಅಂತ ಹೇಳಿದ ಮೇಲೆ ನಿಜವಾಗಿ ಎಷ್ಟು ಹೊತ್ತಿಗೆ ಗೇಟು ದಾಟಬಹುದು. ಇವು ಯಾರಿಗೂ ಬೇಡದ ವಿಷಯಗಳು, ಅಡ್ಮಿಟ್ ಆಗುವ ತನಕ.

ಆದ್ದರಿಂದ ಈ ರಿವ್ಯೂನಲ್ಲಿ ಚಿಕಿತ್ಸೆ ಬಗ್ಗೆ ಏನೂ ಇಲ್ಲ. ಅಪ್ಪ ತಿಪಟೂರಿನ ತೋಟದಲ್ಲಿ ಕಾಲು ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು, ಆಪರೇಷನ್ ಆಯಿತು, ಈಗ ವಾಕರ್ ಹಿಡಿದು ಓಡಾಡುತ್ತಿದ್ದಾರೆ. ಅಷ್ಟು ಸಾಕು. ಆಸ್ಪತ್ರೆ ಬೆಂಗಳೂರು ನಗರದ ದಕ್ಷಿಣ ಭಾಗದ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ಹೆಸರು ಹಾಕುವುದಿಲ್ಲ, ಕಮೆಂಟಿನಲ್ಲಿ ಕೇಳಬೇಡಿ. ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ನೀವು ಹೋಗುವ ಆಸ್ಪತ್ರೆಗೂ ಹೊಂದುತ್ತದೆ, ಬೇಕಾದರೆ ನೋಡಿ.

ಸರ್ಜನ್ ದಿನಕ್ಕೊಮ್ಮೆ ಬಂದು ಗಾಯ ನೋಡಿ, ಅಪ್ಪನ ಭುಜ ತಟ್ಟಿ ಹೋಗುತ್ತಿದ್ದರು. ಸಿಸ್ಟರ್‌ಗಳು ಪಾಪ ಬಿಪಿ, ಮಾತ್ರೆ, ಇಂಜೆಕ್ಷನ್ ಅಂತ ಓಡುತ್ತಲೇ ಇರುತ್ತಿದ್ದರು. ಉಳಿದ ಇಡೀ ದಿನ ನಮಗೆ ಗಂಟು ಬೀಳುತ್ತಿದ್ದವರು ಬೇರೆಯವರು. ನೆಲ ಒರೆಸುವವರು, ತಟ್ಟೆ ತರುವವರು, ಸ್ಟ್ರೆಚರ್ ತಳ್ಳುವವರು, ಲಿಫ್ಟಿನವರು, ಸೆಕ್ಯುರಿಟಿ, ಫಾರ್ಮಸಿ, ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕು. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಒಂದು ಮಹಡಿಗೆ, ಒಂದು ಕೆಲಸಕ್ಕೆ ಇಂಥವರೇ ಅಂತ ಗೊತ್ತುಮಾಡಿದ ಕಡೆ ಈ ಆಸ್ಪತ್ರೆ ತುಂಬಾ ಚೆನ್ನಾಗಿದೆ. "ಫೋನ್ ಮಾಡಿದೀವಿ, ಯಾರಾದ್ರೂ ಬರ್ತಾರೆ" ಅನ್ನುವ ಕಡೆ ಯಾರೂ ಬರುವುದಿಲ್ಲ.

ಹೌಸ್‌ಕೀಪಿಂಗ್‌ಗೆ ಐದಕ್ಕೆ ಐದು. ನಮ್ಮ ಮಹಡಿಗೆ ಹಗಲು ಹೊತ್ತಿನಲ್ಲಿ ಒಬ್ಬ ಅಕ್ಕ ಇದ್ದರು, ಮಾಗಡಿ ಕಡೆಯವರು, ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟ್ ಕೆಲಸ. ಬೆಳಿಗ್ಗೆ ಬಂದವರೇ ಮೊದಲು ಕಿಟಕಿ ಪರದೆ ಸರಿಸಿ "ತಾತಾ, ರಾತ್ರಿ ನಿದ್ದೆ ಬಂತಾ?" ಅಂತ ಕೇಳುತ್ತಿದ್ದರು. ಆಮೇಲೆ ಮಂಚದ ಕೆಳಗೆ, ಸಲೈನ್ ಸ್ಟ್ಯಾಂಡಿನ ಚಕ್ರ, ಬಾಗಿಲ ಹಿಡಿ, ಮಂಚದ ಪಕ್ಕದ ಕಂಬಿ, ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಕೈ ತಾಗುವ ಜಾಗಗಳನ್ನೆಲ್ಲ ಒರೆಸುತ್ತಿದ್ದರು. ಬಾತ್‌ರೂಮಿಗೆ ಬೇರೆ ಬಟ್ಟೆ, ಬೇರೆ ಮಾಪು. ಒಂದು ಸಲ ನಾನು ಅವಸರಕ್ಕೆ ಬಾತ್‌ರೂಮಿನ ಮಾಪು ತಂದು ಚೆಲ್ಲಿದ ಕಾಫಿ ಒರೆಸಲು ಹೋದೆ, ಕೈಯಿಂದ ಕಿತ್ತುಕೊಂಡರು. ಬೈಯಲಿಲ್ಲ, ನೋಡಿದ ನೋಟ ಸಾಕಿತ್ತು.

ಕಸದ ಬುಟ್ಟಿಗಳ ವಿಷಯದಲ್ಲೂ ಹಾಗೇ. ಬಣ್ಣಬಣ್ಣದ ಬುಟ್ಟಿ ನೋಡಿ ಚೆಂದಕ್ಕೆ ಇಟ್ಟಿದ್ದಾರೆ ಅಂದುಕೊಳ್ಳುವವರು ಇನ್ನೂ ಇದ್ದಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಅಂಟಿದ ಹತ್ತಿ, ಡ್ರೆಸ್ಸಿಂಗ್ ಬಟ್ಟೆ ಹಳದಿಗೆ ಹೋಗಬೇಕು. ಸಲೈನ್ ಪೈಪು, ಮೂತ್ರದ ಚೀಲ, ಗ್ಲೌಸ್ ಥರದ ಪ್ಲಾಸ್ಟಿಕ್, ರಬ್ಬರ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹೊರಬರದ ಗಟ್ಟಿ ಬಿಳಿ ಡಬ್ಬಿಗೆ. ಒಡೆದ ಗಾಜು ನೀಲಿಗೆ. ರಕ್ತ ಅಂಟಿದ ಕಸವನ್ನು ಸಂಸ್ಕರಿಸದೆ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಅಕ್ಕನಿಗೆ ಈ ನಿಯಮದ ಇಸವಿ ಗೊತ್ತಿರಲಿಕ್ಕಿಲ್ಲ, ಆದರೆ ಪಕ್ಕದ ರೂಮಿನ ಹುಡುಗ ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿ ಬುಟ್ಟಿಗೆ ಎಸೆದಾಗ ಕಾರಿಡಾರಿನವರೆಗೂ ಕೇಳುವ ಹಾಗೆ ಪಾಠ ಮಾಡಿದರು. ಸಿಪ್ಪೆ ಅಲ್ಲಿ ಬಿದ್ದರೆ ಅದೂ ಸುಡುವ ಕಸದ ತೂಕಕ್ಕೇ ಸೇರುತ್ತದೆ, ಆಸ್ಪತ್ರೆಗೆ ಖರ್ಚು. ಇನ್ನೂ ಕೆಟ್ಟದ್ದು ಉಲ್ಟಾ ಆಗುವುದು, ಸೂಜಿ ಹೋಗಿ ಮಾಮೂಲಿ ಕಸಕ್ಕೆ ಬಿದ್ದರೆ ಎಲ್ಲೋ ಕಸ ಆಯುವವರ ಕೈಗೆ ಚುಚ್ಚುತ್ತದೆ.

ಹಾಸಿಗೆ ಬಟ್ಟೆ ದಿನಾ ಬದಲಾಯಿಸುತ್ತಿದ್ದರು, ಕೇಳಿದರೆ ಮಧ್ಯದಲ್ಲೂ. ಹೊದಿಕೆಗಳು ಮಾತ್ರ ಎಲ್ಲೋ ಒಗೆದು ಒಗೆದು ತೆಳ್ಳಗಾಗಿದ್ದವು, ಎಸಿ ಚಳಿಗೆ ಸಾಲದು. ಮನೆಯಿಂದ ಒಂದು ಶಾಲು ತನ್ನಿ. ಡ್ರೆಸ್ಸಿಂಗ್ ಸೆಟ್ ಬರುವ ಗಂಟಿನ ಮೇಲೆ ಒಂದು ಟೇಪು ಅಂಟಿಸಿರುತ್ತಾರೆ, ಉಗಿಯಲ್ಲಿ ಇಟ್ಟು ತೆಗೆದಾಗ ಅದರ ಮೇಲಿನ ಓರೆ ಗೆರೆಗಳು ಕಪ್ಪಾಗುತ್ತವೆ. ನಮ್ಮ ಕಣ್ಣಿಗೆ ಬೀಳದ ಯಾವುದೋ ನೆಲಮಾಳಿಗೆಯಲ್ಲಿ ಯಾರೋ ಕತ್ತರಿ ಚಿಮಟ ತೊಳೆದು ಗಂಟು ಕಟ್ಟಿ ಆಟೋಕ್ಲೇವಿಗೆ ಹಾಕಿದ್ದಾರೆ ಅನ್ನುವುದಕ್ಕೆ ಅದೊಂದೇ ಸಾಕ್ಷಿ. ನಾನು ಪ್ರತಿ ಸಲವೂ ನೋಡುತ್ತಿದ್ದೆ, ಪ್ರತಿ ಸಲವೂ ಕಪ್ಪಾಗಿತ್ತು.

ಈಗ ಸ್ಟ್ರೆಚರ್ ಕಥೆಗೆ ಬರೋಣ. ಇದಕ್ಕೆ ಐದಕ್ಕೆ ಒಂದು, ಅದೂ ಆ ಹುಡುಗರ ಮುಖ ನೋಡಿ.

ಮಹಡಿಗೆ ಅಂತ ವಾರ್ಡ್ ಬಾಯ್‌ಗಳನ್ನು ಇಟ್ಟಿಲ್ಲ. ಇಡೀ ಕಟ್ಟಡಕ್ಕೆ ಒಂದು ಗುಂಪು, ಎಲ್ಲರೂ ಕೆಳಗೆ ಎಲ್ಲೋ ಇರುತ್ತಾರೆ. ಸ್ಕ್ಯಾನಿಂಗ್ ರೂಮಿನಿಂದ "ಪೇಷಂಟ್ ಕಳಿಸಿ" ಅಂತ ಫೋನ್ ಬಂದಾಗ ಸಿಸ್ಟರ್ ಆ ಗುಂಪಿಗೆ ಫೋನ್ ಮಾಡುತ್ತಾರೆ, ಅಲ್ಲಿಂದ "ಹುಡುಗನ್ನ ಕಳಿಸಿದೀನಿ" ಅಂತ ಉತ್ತರ. ಆ ಹುಡುಗ ದಾರಿಯಲ್ಲಿ ಇನ್ನೊಂದು ಮಹಡಿಯವರ ಕೈಗೆ ಸಿಕ್ಕಿರುತ್ತಾನೆ. ನಾವು ಅಪ್ಪನನ್ನು ರೆಡಿ ಮಾಡಿ, ಕಾಲು ಸರಿ ಇಟ್ಟು, ಮೂತ್ರದ ಚೀಲ ಖಾಲಿ ಮಾಡಿಸಿ ಕಾಯುತ್ತಾ ಕೂತಿರುತ್ತೇವೆ. ಹೋಗುವುದಾದರೂ ಹೇಗೋ ಆಗುತ್ತದೆ, ವಾಪಸ್ ಬರುವುದು ದೊಡ್ಡ ಕಷ್ಟ. ಎಕ್ಸ್‌ರೇ ಮುಗಿದ ಮೇಲೆ ರೋಗಿಯನ್ನು ಕಾರಿಡಾರಿನ ಗೋಡೆಗೆ ಒತ್ತಿ ನಿಲ್ಲಿಸಿ ಹೋಗಿಬಿಡುತ್ತಾರೆ. ಅಲ್ಲಿ ಗಾಳಿ ತಣ್ಣಗೆ ಬೀಸುತ್ತಿರುತ್ತದೆ, ಓಡಾಡುವವರೆಲ್ಲ ಮುಖ ನೋಡಿಕೊಂಡು ಹೋಗುತ್ತಾರೆ, ಮೈಮೇಲೆ ಹಿಂದೆ ಕಟ್ಟುವ ಆ ಹಸಿರು ಗೌನು ಒಂದೇ. ಎಪ್ಪತ್ತು ದಾಟಿದ, ಊರಿನಲ್ಲಿ ಪಂಚೆ ಶಲ್ಯ ಇಲ್ಲದೆ ಬಾಗಿಲಿಗೆ ಬಾರದ ಮನುಷ್ಯ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಮಲಗಿದ್ದರು. ನಿದ್ದೆ ಬಂದಿರಲಿಲ್ಲ. ನನ್ನ ತಂಗಿ ದುಪಟ್ಟಾ ತೆಗೆದು ಹೊದಿಸಿದಳು.

ಲಿಫ್ಟು ಇನ್ನೊಂದು. ಸ್ಟ್ರೆಚರ್ ಲಿಫ್ಟ್ ಅಂತ ದೊಡ್ಡದಾಗಿ ಬರೆದಿದೆ, ಅದರೊಳಗೆ ಹೂಗುಚ್ಛ ಹಿಡಿದವರು, ಜೂಸ್ ಪ್ಯಾಕೆಟ್ಟಿನವರು, ಮೆಡಿಕಲ್ ರೆಪ್‌ಗಳು. ಲಿಫ್ಟ್‌ಮ್ಯಾನ್ ಇದ್ದ ಹೊತ್ತಿನಲ್ಲಿ ಗದರಿ ಇಳಿಸುತ್ತಿದ್ದ, ಆತ ಇದ್ದರೆ ಸಲೀಸು. ಸಂಜೆ ಮೇಲೆ ಆತ ಇರುವುದಿಲ್ಲ.

ಕಾಫಿ ಕಾಸಿನ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. "ಸಿಬ್ಬಂದಿಗೆ ಹಣ ಕೊಡಬೇಡಿ" ಅಂತ ಪ್ರತಿ ಮಹಡಿಯಲ್ಲೂ ಬೋರ್ಡಿದೆ. ಆದರೂ ಆಪರೇಷನ್ ಥಿಯೇಟರಿನಿಂದ ರೂಮಿಗೆ ತಂದುಬಿಟ್ಟ ಮೇಲೆ ಒಬ್ಬ ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತಾನೆ. ಬಾಯಿಬಿಟ್ಟು ಕೇಳುವುದಿಲ್ಲ, ನಿಂತಿರುತ್ತಾನೆ ಅಷ್ಟೆ. ನಾನು ಕೊಟ್ಟೆ. ಕೊಟ್ಟದ್ದಕ್ಕೆ ಆಮೇಲೆ ಬೇಗ ಬಂದರಾ ಅಂದರೆ ಅದೂ ಇಲ್ಲ, ಯಾಕೆಂದರೆ ಮುಂದಿನ ಸಲ ಬಂದವನು ಬೇರೆ ಹುಡುಗ. ಮಾಗಡಿಯ ಅಕ್ಕನಿಗೆ ಹೊರಡುವ ದಿನ ತಂಗಿ ಏನೋ ಕೊಡಲು ಹೋದಳು, ಕೈ ಹಿಂದಕ್ಕೆ ಎಳೆದುಕೊಂಡರು, ಆಮೇಲೆ ಅಪ್ಪನ ಕೈಯಿಂದ ಕೊಡಿಸಿದರೆ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಈ ಜನರಿಗೆ ಸರಿಯಾದ ಸಂಬಳ ಕೊಟ್ಟು ಮಹಡಿಗೆ ಇಬ್ಬರನ್ನು ಖಾಯಂ ಹಾಕಿದರೆ ಬೋರ್ಡೇ ಬೇಕಾಗಿಲ್ಲ. ಲಾಬಿಯ ಅಮೃತಶಿಲೆಗೆ, ಆ ಗಾಜಿನ ಕಾರಂಜಿಗೆ ಹಾಕಿದ ದುಡ್ಡಿನಲ್ಲಿ ಎಷ್ಟು ವರ್ಷ ಎಷ್ಟು ಹುಡುಗರ ಸಂಬಳ ಬರುತ್ತಿತ್ತೋ.

ಅಡುಗೆಮನೆ ವಿಷಯ ಮಿಶ್ರ. ಡಯಟಿಷಿಯನ್ ಮೊದಲ ದಿನವೇ ಬಂದು ಸಕ್ಕರೆ ಕಾಯಿಲೆ ಇದೆಯಾ, ಉಪ್ಪು ಕಡಿಮೆ ಮಾಡಬೇಕಾ, ಹಲ್ಲು ಸರಿ ಇದೆಯಾ, ಊರಲ್ಲಿ ಏನು ತಿನ್ನುತ್ತೀರಿ ಅಂತ ಕೂತು ಕೇಳಿದರು. "ಮುದ್ದೆ" ಅಂದರು ಅಪ್ಪ. ಮುದ್ದೆ ಇಲ್ಲ, ರಾಗಿ ಗಂಜಿ ಕೊಡ್ತೀವಿ ತಾತ ಅಂದರು, ಮತ್ತು ಕೊಟ್ಟರು ಕೂಡ, ಪ್ರತಿ ದಿನ ಮಧ್ಯಾಹ್ನಕ್ಕೆ ಮುಂಚೆ, ಬಿಸಿಯಾಗಿ. ತಟ್ಟೆಯ ಮೇಲೆ ರೂಮ್ ನಂಬರು, "ಡಯಾಬಿಟಿಕ್, ಸಾಫ್ಟ್" ಅಂತ ಚೀಟಿ. ಒಂದು ದಿನವೂ ತಟ್ಟೆ ಅದಲು ಬದಲಾಗಲಿಲ್ಲ. ಮೂಳೆ ಕೂಡಬೇಕು ಅಂತ ಮೊಟ್ಟೆ, ಬೇಳೆ, ಮೊಸರು ಜಾಸ್ತಿ ಹಾಕಿಸಿದ್ದರು. ಅಲ್ಲಿಯವರೆಗೆ ಚೆನ್ನ. ರುಚಿ ಮಾತ್ರ ಕೇಳಬೇಡಿ. ಉಪ್ಪಿಟ್ಟು ಬಂದರೆ ಚಮಚ ನೆಟ್ಟಗೆ ನಿಲ್ಲುತ್ತದೆ. ಸಾರಿಗೆ ಒಗ್ಗರಣೆ ಇಲ್ಲ. ರಾತ್ರಿ ಚಪಾತಿಯನ್ನು ಅಪ್ಪ ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ, ತೋಟದ ಪಂಪ್‌ಸೆಟ್ಟಿಗೆ ವಾಷರ್ ಮಾಡಬಹುದು ಅಂದರು.

ರೋಗಿಗೆ ಊಟ ಉಂಟು, ಜೊತೆಯಲ್ಲಿರುವವರಿಗೆ ಇಲ್ಲ. ನೆಲಮಾಳಿಗೆಯಲ್ಲಿ ಕ್ಯಾಂಟೀನ್. ಟೋಕನ್ ಸಾಲು ಉದ್ದ, ಊಟ ಪರವಾಗಿಲ್ಲ, ಬೆಲೆ ಹೊರಗಿನದಕ್ಕಿಂತ ಜಾಸ್ತಿ. ರಾತ್ರಿ ಹತ್ತಕ್ಕೆ ಮುಚ್ಚುತ್ತದೆ, ಆಮೇಲೆ ಬಿಸ್ಕತ್ತು ಬೀಳುವ ಮಷೀನೇ ಗತಿ. ಐಸಿಯು ಹೊರಗೆ ಕಾಯುವವರಿಗೆ ಹಸಿವಾಗುವುದೇ ರಾತ್ರಿ ಹನ್ನೊಂದಕ್ಕೆ, ಡಾಕ್ಟರು ಬಂದು ಮಾತಾಡಿ ಹೋದ ಮೇಲೆ. ಕ್ಯಾಂಟೀನಿನವರಿಗೆ ಇದು ಯಾಕೆ ಹೊಳೆದಿಲ್ಲವೋ. ಗೇಟಿನಿಂದಾಚೆ ಎಡಕ್ಕೆ ತಿರುಗಿದರೆ ಒಂದು ಗಾಡಿ ಇದೆ, ರಾತ್ರಿ ಹನ್ನೆರಡರವರೆಗೂ ಇಡ್ಲಿ, ಚಿತ್ರಾನ್ನ. ಆಸ್ಪತ್ರೆಯ ಅರ್ಧ ಸಿಬ್ಬಂದಿ ಅಲ್ಲೇ ನಿಂತು ತಿನ್ನುತ್ತಿರುತ್ತಾರೆ.

ಇಷ್ಟರ ಮಧ್ಯೆ ಯಾರೂ ಹೇಳದ ಒಂದು ಸೇವೆ ಇದೆ, ಕ್ಷೌರದವರು. ಆಪರೇಷನ್‌ಗೆ ಮುಂಚೆ ಕೂದಲು ತೆಗೆಯಲು ಬರುವವರೇ, ಸಿಸ್ಟರಿಗೆ ಹೇಳಿದರೆ ಗಡ್ಡ ಮಾಡಲೂ ಬರುತ್ತಾರೆ, ದುಡ್ಡು ಬಿಲ್ಲಿಗೆ ಸೇರುತ್ತದೆ. ಬಂದವರು ಚಿಕ್ಕನಾಯಕನಹಳ್ಳಿ ಕಡೆಯವರು. ಬಿಸಿನೀರಿನ ಬಟ್ಟಲು, ಹೆಗಲ ಮೇಲೆ ಟವೆಲ್. ಕೊಬ್ಬರಿ ರೇಟು ಏನಾಯ್ತು, ನುಸಿ ರೋಗ ಇದೆಯಾ, ಹೇಮಾವತಿ ನಾಲೆ ನೀರು ಬಂತಾ. ಒಂದು ಕಡೆ ಕೆನ್ನೆ ಮುಗಿಯುವ ಹೊತ್ತಿಗೆ ಅಪ್ಪ ಬಿದ್ದ ದಿನದಿಂದ ಆಡದಷ್ಟು ಮಾತು ಆಡಿದ್ದರು. ಮುಖ ಕನ್ನಡಿಯಲ್ಲಿ ನೋಡಿಕೊಂಡು "ಪರವಾಗಿಲ್ಲ" ಅಂದರು. ಅವತ್ತು ಮಧ್ಯಾಹ್ನ ಫಿಸಿಯೋ ಬಂದಾಗ ಮೊದಲ ಸಲ ತಾವಾಗಿ ಎದ್ದು ಕೂತರು. ಕ್ಷೌರದಿಂದ ಮೂಳೆ ಕೂಡುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಹಿರಿಯರನ್ನು ಅಡ್ಮಿಟ್ ಮಾಡಿದರೆ ಇದನ್ನು ಕೇಳಿ ಮಾಡಿಸಿ.

ರೋಗಿಯ ಜೊತೆಗಿರುವ ಮನೆಯವರಿಗೆ ಅಟೆಂಡರ್ ಅನ್ನುತ್ತಾರೆ, ಅಂದರೆ ಇಲ್ಲಿ ಸಂಬಳ ಇಲ್ಲದ ನೌಕರ. ಒಂದು ರೂಮಿಗೆ ಒಂದು ಪಾಸು. ನೀವು ಇರಲೇಬೇಕು, ಯಾಕೆಂದರೆ ಬೆಡ್‌ಪ್ಯಾನ್ ಕೊಡಲು ಆಯಾ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಔಷಧಿಗೆ ಸಹಿ ಹಾಕಲು ನೀವೇ ಬೇಕು, ಬಿಲ್ಲಿಂಗ್‌ನಿಂದ "ಇನ್ನೊಂದಷ್ಟು ಅಡ್ವಾನ್ಸ್ ಕಟ್ಟಿ" ಅಂತ ಫೋನ್ ಬಂದಾಗ ಓಡಲು ನೀವೇ ಬೇಕು. ಆದರೆ ನೀವು ಇರುವುದಕ್ಕೆ ಅಂತ ಜಾಗ ಇಲ್ಲ. ಸಿಂಗಲ್ ರೂಮಿನಲ್ಲಿ ಒಂದು ಸೋಫಾ ಉಂಟು, ಉದ್ದ ಇರುವವರ ಕಾಲು ಹೊರಗೆ. ಇಬ್ಬರು ಹಂಚಿಕೊಳ್ಳುವ ರೂಮಾದರೆ ಪ್ಲಾಸ್ಟಿಕ್ ಕುರ್ಚಿ. ಜನರಲ್ ವಾರ್ಡಿನಲ್ಲಿ ಅದೂ ಸರದಿ ಮೇಲೆ. ಐಸಿಯು ರೋಗಿಗಳ ಕಡೆಯವರು ಲಾಬಿಯ ಕುರ್ಚಿಗಳ ಮೇಲೆ ಮಲಗುತ್ತಾರೆ, ಬೆಳಗಿನ ಜಾವ ನೆಲ ತೊಳೆಯುವಾಗ ಸೆಕ್ಯುರಿಟಿ ಬಂದು ಎಬ್ಬಿಸುತ್ತಾರೆ. ಸ್ನಾನದ ಮನೆ ಅಂತ ಇವರಿಗೆ ಇಲ್ಲವೇ ಇಲ್ಲ. ಬಳ್ಳಾರಿಯಿಂದ ಬಂದ ಒಬ್ಬ ತಾಯಿ ಹತ್ತಿರದ ಪೇ ಅಂಡ್ ಯೂಸ್ ಶೌಚಾಲಯಕ್ಕೆ ಹೋಗಿ ಸ್ನಾನ ಮಾಡಿಕೊಂಡು ಬರುತ್ತಿದ್ದರು, ಒಳಗೆ ಮಗನ ಬಿಲ್ಲು ಲಕ್ಷಗಳಲ್ಲಿ ಏರುತ್ತಿತ್ತು. ಸರ್ಕಾರಿ ಕಡೆ ಎಷ್ಟೇ ಗದ್ದಲ ಇದ್ದರೂ ಹೊರ ಊರಿನವರು ಬಂದು ಉಳಿಯುತ್ತಾರೆ ಅನ್ನುವ ಲೆಕ್ಕ ಇದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಧರ್ಮಶಾಲೆ ಇರುವುದು ಅದಕ್ಕೇ. ಇಷ್ಟು ದೊಡ್ಡ ಖಾಸಗಿ ಕಟ್ಟಡದಲ್ಲಿ ಒಂದು ಡಾರ್ಮಿಟರಿ, ನಾಲ್ಕು ಬಚ್ಚಲು, ಒಂದಷ್ಟು ಲಾಕರ್ ಮಾಡಲು ಆಗಲ್ವಾ? ಬಾಡಿಗೆ ತಗೊಳ್ಳಲಿ ಬೇಕಾದರೆ.

ಸೆಕ್ಯುರಿಟಿಯವರ ಬಗ್ಗೆ ನನಗೆ ಕೋಪ ಇಲ್ಲ. ಹಗಲಿನ ಗಾರ್ಡ್ ಮಾಜಿ ಸೈನಿಕ, ವಿಸಿಟಿಂಗ್ ಅವರ್ಸ್ ಅಂದರೆ ವಿಸಿಟಿಂಗ್ ಅವರ್ಸ್. ಊರಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಂದ ನಮ್ಮ ನೆಂಟರಿಷ್ಟರನ್ನು ಕೆಳಗೇ ತಡೆದು ಇಬ್ಬಿಬ್ಬರಾಗಿ ಬಿಟ್ಟರು. ದೊಡ್ಡಪ್ಪನಿಗೆ ಸಿಟ್ಟು ಬಂತು, ನನಗೆ ಒಳಗೊಳಗೇ ಖುಷಿ. ಆಪರೇಷನ್ ಆದ ಮನುಷ್ಯನ ಸುತ್ತ ಹದಿನೈದು ಜನ ನಿಂತು "ಹೇಗೆ ಬಿದ್ದೆ" ಅಂತ ಕೇಳುವುದನ್ನು ತಡೆಯಲು ಮನೆಯವರಿಂದ ಆಗುವುದಿಲ್ಲ.

ಕನ್ನಡದ ಬಗ್ಗೆಯೂ ಒಂದು ಮಾತು. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದ ಮೇಲೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಆಸ್ಪತ್ರೆ ಹೆಸರೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿದೆ, ರಾತ್ರಿ ದೀಪ ಬೇರೆ. ಒಳಗೆ ಆಪರೇಷನ್‌ಗೆ ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರ, ನಾಲ್ಕು ಪುಟ. ಬೋರ್ಡು ಓದಲು ಬಾರದಿದ್ದರೆ ನಷ್ಟ ಏನಿಲ್ಲ, ಓದಬೇಕಾದದ್ದು ಈ ನಾಲ್ಕು ಪುಟ. ಕನ್ನಡದ್ದು ಇದೆಯಾ ಅಂತ ತಂಗಿ ಪಟ್ಟು ಹಿಡಿದು ಕೇಳಿದ ಮೇಲೆ ಯಾವುದೋ ಡ್ರಾಯರಿನಿಂದ ಒಂದು ಪ್ರತಿ ಬಂತು. ಇದೆ! ಕೊಡುವುದಿಲ್ಲ ಅಷ್ಟೆ. ನೀವೂ ಕೇಳಿ.

ಫಾರ್ಮಸಿ. ಸಿಸ್ಟರ್ ಕಂಪ್ಯೂಟರಿನಲ್ಲಿ ಇಂಡೆಂಟ್, ಅಂದರೆ ಬೇಕಾದ ಔಷಧಿಗಳ ಪಟ್ಟಿ, ಹಾಕುತ್ತಾರೆ, ಔಷಧಿ ಮೇಲಕ್ಕೆ ಬರುತ್ತದೆ. ಎಲ್ಲವೂ ಎಂಆರ್‌ಪಿಗೆ, ಒಂದು ರೂಪಾಯಿ ಬಿಡುವುದಿಲ್ಲ. ಔಷಧಿ ಎಲ್ಲಿ ಕೊಳ್ಳಬೇಕು ಅನ್ನುವುದನ್ನು ಆಯ್ಕೆ ಮಾಡುವ ಹಕ್ಕು ರೋಗಿಗೆ ಇದೆ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಇದೆ. ವಾರ್ಡಿನಲ್ಲಿ ಅದನ್ನು ಹೇಳಿ ನೋಡಿ, ನಿಮ್ಮನ್ನು ಬೇರೆ ಗ್ರಹದವರ ಹಾಗೆ ನೋಡುತ್ತಾರೆ. ನಾನು ಮಾಡಿದ್ದು ಇಷ್ಟು: ಮಂಚಕ್ಕೆ ಹಾಸುವ ಪ್ಯಾಡು, ಡಯಾಪರ್, ವೆಟ್ ವೈಪ್ಸ್ ಥರದ್ದನ್ನು ಹೊರಗಿನಿಂದ ತಂದುಕೊಂಡೆ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಬಳಸದೆ ಉಳಿದ ಇಂಜೆಕ್ಷನ್, ಸಲೈನ್ ಬಾಟಲಿ ವಾಪಸ್ ಹೋಗಬೇಕು, ಬಿಲ್ಲಿನಲ್ಲಿ ಕಳೆಯಬೇಕು. ನಮ್ಮ ರೂಮಿನ ಕಪಾಟಿನಲ್ಲಿ ಏನೇನು ಬರುತ್ತದೆ, ಏನೇನು ಹಾಕಿದರು ಅಂತ ತಂಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಕೊನೆಯಲ್ಲಿ ಆ ಪುಟ ತೋರಿಸಿದ ಮೇಲೆ ರಿಟರ್ನ್ ಲೆಕ್ಕ ಸರಿಯಾಯಿತು. ತೋರಿಸದಿದ್ದರೆ ಆಗುತ್ತಿತ್ತೋ ಇಲ್ಲವೋ.

ಈಗ ಎಲ್ಲಕ್ಕಿಂತ ಕೆಟ್ಟದ್ದು, ಬಿಲ್ಲಿಂಗ್ ಮತ್ತು ಇನ್ಶೂರೆನ್ಸ್ ಡೆಸ್ಕ್. ಐದಕ್ಕೆ ಸೊನ್ನೆ ಕೊಡುವ ಹಾಗಿದ್ದರೆ ಕೊಡುತ್ತಿದ್ದೆ.

ರೂಮು ಆರಿಸುವಾಗಲೇ ಇದರ ಬೀಜ ಬಿದ್ದಿರುತ್ತದೆ. ಅಡ್ಮಿಷನ್ ಕೌಂಟರಿನವರು "ಸಿಂಗಲ್ ರೂಮ್ ಖಾಲಿ ಇದೆ ಸಾರ್, ತಗೊಳ್ಳಿ" ಅನ್ನುತ್ತಾರೆ. ನಿಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದರೆ, ಮಿತಿ ಮೀರಿದ ಬಾಡಿಗೆ ಮಾತ್ರ ನಿಮ್ಮ ಕೈಯಿಂದ ಹೋಗುತ್ತದೆ ಅಂದುಕೊಳ್ಳಬೇಡಿ. ದಿನಕ್ಕೆ 5,000 ಮಿತಿ ಇದ್ದು 10,000ದ ರೂಮು ಹಿಡಿದರೆ ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಇವುಗಳಲ್ಲೂ ಅರ್ಧ ಕತ್ತರಿಸಬಹುದು, ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ. ಔಷಧಿ, ಇಂಪ್ಲಾಂಟ್ (ಮೈಯೊಳಗೆ ಕೂರಿಸುವ ರಾಡು, ಪ್ಲೇಟು ಥರದ್ದು), ಟೆಸ್ಟುಗಳಿಗೆ ಈ ಕಡಿತ ಹಾಕುವಂತಿಲ್ಲ, ಅಷ್ಟು ಪುಣ್ಯ. ಜೊತೆಗೆ ದಿನಕ್ಕೆ 5,000 ದಾಟಿದ ರೂಮಿಗೆ, ಐಸಿಯು ಬಿಟ್ಟು, 2022ರ ಜುಲೈಯಲ್ಲಿ ಶೇ. 5 ಜಿಎಸ್‌ಟಿ ಬೇರೆ ಬಂತು. ಇದನ್ನೆಲ್ಲ ಕೌಂಟರಿನಲ್ಲಿ ಕೂತವರು ಹೇಳಬೇಕು. ಹೇಳಲಿಲ್ಲ. ಆಫೀಸಿನಲ್ಲಿ ಇನ್ಶೂರೆನ್ಸ್ ಕೆಲಸವನ್ನೇ ಮಾಡುವ ಗೆಳೆಯ ಫೋನಿನಲ್ಲಿ ಹೇಳಿದ, ನಾವು ಇಬ್ಬರ ರೂಮಿಗೆ ಹೋದೆವು.

ಡಿಸ್ಚಾರ್ಜ್ ದಿನದ ಕಥೆ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು "ಮನೆಗೆ ಹೋಗಬಹುದು" ಅಂದರು. ಅಪ್ಪ ಆಗಲೇ ಪಂಚೆ ಕೇಳಿದರು. ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಅದನ್ನು ಡಾಕ್ಟರು ನೋಡಿ ಸಹಿ ಹಾಕಬೇಕು, ಡಾಕ್ಟರು ಥಿಯೇಟರಿನಲ್ಲಿದ್ದಾರೆ. ಫಾರ್ಮಸಿ ರಿಟರ್ನ್ ಮುಗಿಯಬೇಕು, ಲ್ಯಾಬಿನವರು ಕ್ಲಿಯರ್ ಮಾಡಬೇಕು, ಫಿಸಿಯೋ ಎಷ್ಟು ಸಲ ಬಂದರು ಅಂತ ಸೇರಿಸಬೇಕು. ಆಮೇಲೆ ಬಿಲ್ಲು, ಆಮೇಲೆ ಅದು ಇನ್ಶೂರೆನ್ಸಿಗೆ. ಡೆಸ್ಕಿನಲ್ಲಿ ಕೇಳಿದಾಗಲೆಲ್ಲ ಒಂದೇ ಮಾತು, "ಅಪ್ರೂವಲ್ ಬಂದಿಲ್ಲ ಸಾರ್, ಕಂಪನಿಯವರ ಕಡೆಯಿಂದ ಲೇಟ್".

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ವಿಮೆಯ ನಿಯಂತ್ರಣ ಮಾಡುವ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಕ್ಯಾಶ್‌ಲೆಸ್ ಕೋರಿಕೆಗೆ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಅಂತ ಕೇಳುವುದಕ್ಕೆ, ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಅಪ್ರೂವಲ್ ಮೂರು ಗಂಟೆಯೊಳಗೆ ಕೊಡಬೇಕು, ಮೂರು ಗಂಟೆ ಮೀರಿ ತಡವಾಗಿ ಆಸ್ಪತ್ರೆ ಏನಾದರೂ ಹೆಚ್ಚಿಗೆ ಹಾಕಿದರೆ ಅದನ್ನು ವಿಮಾ ಕಂಪನಿಯೇ ಕೊಡಬೇಕು. ಒಳ್ಳೆಯ ನಿಯಮ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆಯಿಂದ ಕೋರಿಕೆ ಅವರಿಗೆ ಮುಟ್ಟಿದ ಮೇಲೆ. ಬೆಳಿಗ್ಗೆ ಡಾಕ್ಟರು ಹೇಳಿದ ಗಳಿಗೆಯಿಂದ ಅಲ್ಲ. ನಾನು ವಿಮಾ ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ ಕೇಳಿದೆ, ಎಷ್ಟು ಹೊತ್ತಿಗೆ ಕಾಗದ ಬಂತು ಅಂತ. "ಇನ್ನೂ ಬಂದೇ ಇಲ್ಲ" ಅಂದರು. ಅಷ್ಟು ಹೊತ್ತಿಗೆ ಮಧ್ಯಾಹ್ನದ ಊಟ ಮುಗಿದಿತ್ತು! ಡೆಸ್ಕಿಗೆ ಹೋಗಿ ಇದನ್ನು ಹೇಳಿದೆ, ಎದುರಿಗಿದ್ದ ಹುಡುಗಿ ಸ್ಕ್ರೀನ್ ನೋಡಿ, ಪಕ್ಕದವನನ್ನು ನೋಡಿ, "ಈಗ ಕಳಿಸ್ತಾ ಇದೀವಿ" ಅಂದಳು. ಅಪ್ರೂವಲ್ ಆಮೇಲೆ ಎರಡು ಗಂಟೆಯೊಳಗೇ ಬಂತು.

ಆ ಹುಡುಗಿಯನ್ನು ಬೈದು ಉಪಯೋಗ ಇಲ್ಲ, ಅವಳ ಎದುರಿಗೆ ಎಷ್ಟೋ ಫೈಲು. ಸಮ್ಮರಿ ಅವಳ ಕೆಲಸ ಅಲ್ಲ, ಫಾರ್ಮಸಿ ಅವಳದಲ್ಲ, ಲ್ಯಾಬು ಅವಳದಲ್ಲ. ಯಾರದು ಅಂದರೆ ಯಾರದೂ ಅಲ್ಲ. ಸ್ಟ್ರೆಚರಿನಲ್ಲಿ ಆದದ್ದೇ ಇಲ್ಲಿ ಕಾಗದದಲ್ಲಿ ಆಗುತ್ತದೆ. ನಾಳೆ ಹೊರಡುವವರ ಪಟ್ಟಿ ಹಿಂದಿನ ರಾತ್ರಿಯೇ ಸುಮಾರಾಗಿ ಗೊತ್ತಿರುತ್ತದೆ. ಮಹಡಿಗೆ ಒಬ್ಬರನ್ನು ಅದೇ ಕೆಲಸಕ್ಕೆ ಕೂರಿಸಿ, ಸಮ್ಮರಿ ರಾತ್ರಿಯೇ ಟೈಪ್ ಮಾಡಿಸಿ ಇಟ್ಟರೆ ಮಧ್ಯಾಹ್ನದೊಳಗೆ ರೂಮು ಖಾಲಿ ಆಗುತ್ತದೆ. ಕೆಳಗೆ ಎಮರ್ಜೆನ್ಸಿಯಲ್ಲಿ ಬೆಡ್ ಇಲ್ಲ ಅಂತ ಜನ ಸ್ಟ್ರೆಚರ್ ಮೇಲೆ ಕಾಯುತ್ತಿದ್ದರು, ಮೇಲೆ ನಾವು ಬ್ಯಾಗ್ ಕಟ್ಟಿಕೊಂಡು ಅದೇ ಬೆಡ್ಡಿನ ಮೇಲೆ ಕೂತಿದ್ದೆವು.

ಬಿಲ್ಲಿನ ವಿವರ ಕೇಳಿ ತಗೊಳ್ಳಿ, ಒಂದು ಸಾಲಿನ ಮೊತ್ತ ನೋಡಿ ಸಹಿ ಹಾಕಬೇಡಿ. ನಮ್ಮದರಲ್ಲಿ ಬಾರದ ಡಯಟ್ ವಿಸಿಟ್ ಒಂದು ಇತ್ತು, ಕೇಳಿದ ತಕ್ಷಣ ತೆಗೆದರು. ಗ್ಲೌಸ್, ಮಾಸ್ಕ್, ಥರ್ಮಾಮೀಟರ್, ಆ ಪುಟ್ಟ ಸ್ವಾಗತದ ಕಿಟ್ಟು, ಬಾಚಣಿಗೆ ಸೋಪು ಇರುತ್ತದಲ್ಲ, ಅವೆಲ್ಲ ಇನ್ಶೂರೆನ್ಸ್ ಕೊಡದ ಪಟ್ಟಿಗೆ ಸೇರಿ ನಮ್ಮ ಕೈಯಿಂದಲೇ ಹೋಯಿತು. ಸ್ವಾಗತಕ್ಕೆ ದುಡ್ಡು ತಗೊಳ್ಳುವ ಜಾಗ ಇದೊಂದೇ ಇರಬೇಕು.

ಇಷ್ಟು ಆಗುತ್ತಿರುವಾಗ ಪೇಷಂಟ್ ಎಕ್ಸ್‌ಪೀರಿಯನ್ಸ್ ಅಂತ ಬ್ಯಾಡ್ಜ್ ಹಾಕಿದ ಒಬ್ಬರು ಟ್ಯಾಬ್ಲೆಟ್ ಹಿಡಿದು ಬಂದರು. ಐದು ನಕ್ಷತ್ರ, ಐದು ಪ್ರಶ್ನೆ. ಡಾಕ್ಟರ್ ಹೇಗೆ, ನರ್ಸಿಂಗ್ ಹೇಗೆ, ರೂಮ್ ಹೇಗೆ. ಸ್ಟ್ರೆಚರ್‌ಗೆ ಎಷ್ಟು ಕಾದಿರಿ ಅಂತ ಇಲ್ಲ. ಡಿಸ್ಚಾರ್ಜ್ ಬಗ್ಗೆಯೂ ಇಲ್ಲ, ಪಾಪ ಅದು ಇನ್ನೂ ಆಗಿರಲಿಲ್ಲವಲ್ಲ. ನಾನು ಕಾಮೆಂಟ್ ಜಾಗದಲ್ಲಿ ಮಾಗಡಿಯ ಅಕ್ಕನ ಹೆಸರು ಬರೆದೆ. "ಅವರು ನಮ್ಮ ಸ್ಟಾಫ್ ಅಲ್ಲ ಸಾರ್, ಏಜೆನ್ಸಿ" ಅಂದರು. ಆದರೂ ಇರಲಿ ಅಂತ ಹಾಕಿಸಿದೆ.

ಇನ್ನೊಂದು ಇಲ್ಲದ್ದು ಅಂದರೆ ದುಡ್ಡಿನ ಕಷ್ಟ ಹೇಳಿಕೊಳ್ಳಲು ಒಬ್ಬ ಮನುಷ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಇರುತ್ತಾರೆ, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಯಾವ ಕಾಗದ ಬೇಕು ಅಂತ ಅವರು ಹೇಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಸೋಷಿಯಲ್ ವರ್ಕಿಗೇ ಒಂದು ವಿಭಾಗ ಇದೆ. ಇಲ್ಲಿ ಆ ಯೋಜನೆಯೂ ಇಲ್ಲ, ಆ ಮನುಷ್ಯರೂ ಇಲ್ಲ. ಬಳ್ಳಾರಿಯ ಆ ತಾಯಿಗೆ ಯಾವ ಆಸ್ಪತ್ರೆಗೆ ಬದಲಾಯಿಸಬಹುದು, ಎಲ್ಲಿ ಅರ್ಜಿ ಹಾಕಬಹುದು ಅಂತ ಹೇಳಿದ್ದು ಯಾರು ಗೊತ್ತಾ? ಚಹಾದ ಕೌಂಟರಿನಲ್ಲಿ ನಿಂತಿದ್ದ ಇನ್ನೊಬ್ಬ ರೋಗಿಯ ಮೈದುನ.

ಗೋಡೆಯ ಮೇಲೆ ರೋಗಿಗಳ ಹಕ್ಕುಗಳ ಬೋರ್ಡು ಇದೆ, ಎತ್ತರದ ಕುಂಡದ ಹಿಂದೆ. ಕುಂಡ ಸರಿಸಿ ಓದಬಹುದು. ಅಪಘಾತ, ಎಮರ್ಜೆನ್ಸಿ ಅಂದಾಗ ಅಡ್ವಾನ್ಸ್ ಕಟ್ಟಿದರೇ ಶುರು ಮಾಡ್ತೀವಿ ಅನ್ನುವ ಹಾಗಿಲ್ಲ, ಬಾಕಿ ಇದೆ ಅಂತ ಶವ ಕೊಡದೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ಆಗಿಯೇ ಇದೆ. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಪಾರ್ಕಿಂಗ್ ಗಂಟೆ ಲೆಕ್ಕ, ದುಬಾರಿ, ಮೆಟ್ರೋದಲ್ಲಿ ಬನ್ನಿ. ವೈಫೈ ಇದೆ ಅಂತಾರೆ.

ಮತ್ತೆ ಬೇಕಾದರೆ ಇದೇ ಆಸ್ಪತ್ರೆಗೆ ಹೋಗುತ್ತೀರಾ ಅಂದರೆ, ಹೋಗುತ್ತೇನೆ. ಆದರೆ ಇಬ್ಬರು ಜೊತೆಗಿರುವ ಹಾಗಿದ್ದರೆ ಮಾತ್ರ. ಒಬ್ಬರು ರೂಮಿನಲ್ಲಿ, ಒಬ್ಬರು ಕೌಂಟರಿನಿಂದ ಕೌಂಟರಿಗೆ ಓಡಲು. ಒಂಟಿಯಾಗಿ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳುವವರು, ಮಹಡಿಗೆ ಇಷ್ಟು ವಾರ್ಡ್ ಬಾಯ್ ಅಂತ ಖಾಯಂ ಇರುವ ಚಿಕ್ಕ ನರ್ಸಿಂಗ್ ಹೋಮ್ ಸಿಕ್ಕರೆ ಅದನ್ನೇ ನೋಡಿ, ಚಿಕಿತ್ಸೆ ಅಲ್ಲಿ ಆಗುವಂಥದ್ದಾಗಿದ್ದರೆ.

ಕೊನೆಗೆ, ರೆಕಾರ್ಡಿನ ವಿಷಯ ಮರೆಯಬೇಡಿ. ಡಿಸ್ಚಾರ್ಜ್ ಸಮ್ಮರಿ ಬಿಟ್ಟು ಪೂರ್ತಿ ಕೇಸ್ ಶೀಟಿನ ಪ್ರತಿ ಬೇಕಾದರೆ ಎಂಆರ್‌ಡಿ (ಮೆಡಿಕಲ್ ರೆಕಾರ್ಡ್ಸ್ ವಿಭಾಗ) ಅಂತ ಒಂದು ಕೋಣೆ ಇದೆ, ಹಿಂದಿನ ಬ್ಲಾಕಿನಲ್ಲಿ, ಲಾಂಡ್ರಿ ಪಕ್ಕ. ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮದಲ್ಲೇ ಇದೆ. ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ರೋಗಿಯ ಸಹಿ ಇರುವ ಕಾಗದ, ಅವರ ಆಧಾರ್ ಪ್ರತಿ, ನಿಮ್ಮ ಆಧಾರ್ ಪ್ರತಿ ಕೇಳುತ್ತಾರೆ, ಜೆರಾಕ್ಸ್ ದುಡ್ಡು ಬೇರೆ. ಊಟದ ಹೊತ್ತಿನಲ್ಲಿ, ಭಾನುವಾರ ಬಾಗಿಲು ಹಾಕಿರುತ್ತದೆ. ಅಲ್ಲಿ ಒಬ್ಬರೇ ಹಿರಿಯರು ಕೂತಿರುತ್ತಾರೆ, ಅವರೊಬ್ಬರೇ ಆದ್ದರಿಂದ ಹೇಳಿದ ದಿನಕ್ಕೆ ಸರಿಯಾಗಿ ಕೊಟ್ಟರು.